ಟಿಲ್ಲರ್ ನಡುಗದ್ದೆಯಲ್ಲಿ ನಿಂತರೆ

ರಾಯ, ಬಸವಣ್ಣ, ತುರ್ತು ಕಾಲುವೆಗಳಿಗೆ ನೀರು ಬಿಟ್ಟರೆ ಕಮಲಾಪುರದಿಂದ ಕಂಪ್ಲಿವರೆಗೆ ಯಾವ ಟಿಲ್ಲರಿಗೂ ಬಿಡುವಿಲ್ಲ. ಹೊಸಪೇಟೆಯ ಮೆಕ್ಯಾನಿಕ್‌ಗಳೂ ಕೈಗೆ ಸಿಗುವುದಿಲ್ಲ. ಇಂಜಿನ್ ಕೆಮ್ಮಿ ನಿಲ್ಲುವುದೂ ಆಗಲೇ. ಹೊಸದಾಗಿ ಹ್ಯಾಂಡಲ್ ಹಿಡಿದ ಹುಡುಗರು ನೇರ ಪಂಪಿಗೆ ಪಾನಾ ಹಾಕುತ್ತಾರೆ. ಬಹಳ ಸಲ ದೋಷ ಅಲ್ಲಿರುವುದಿಲ್ಲ, ಟ್ಯಾಂಕಿನಿಂದ ಫಿಲ್ಟರಿನವರೆಗಿನ ಮೊಳದುದ್ದದ ದಾರಿಯಲ್ಲೇ ಇರುತ್ತದೆ.

• ಡೀಸೆಲ್ ಇಳಿಯುವ ದಾರಿಯಲ್ಲೇ ಹುಡುಕುತ್ತಾ ಬನ್ನಿ: ಟ್ಯಾಂಕ್, ಕಾಕ್, ಫಿಲ್ಟರ್, ಪಂಪ್, ಕೊನೆಗೆ ನಾಜಲ್. ನಮ್ಮ ಕಡೆಯ ಟಿಲ್ಲರುಗಳಲ್ಲಿ ಟ್ಯಾಂಕ್ ಮೇಲಿರುತ್ತದೆ, ಡೀಸೆಲ್ ತನ್ನ ಭಾರಕ್ಕೇ ಇಳಿಯುತ್ತದೆ. ಫಿಲ್ಟರ್ ದಾಟಿದ ಪೈಪು ಬಿಚ್ಚಿದಾಗ ಧಾರೆ ಕಡಿಯದೆ ಬೀಳಬೇಕು. ಬರೀ ತೊಟ್ಟಿಕ್ಕಿದರೆ ಅಡ್ಡಿ ಮೇಲುಗಡೆ ಇದೆ.

• ಚಾಲೂ ಆಗಿ, ಸ್ವಲ್ಪ ಓಡಿ, ನಿಂತು, ತುಸು ಬಿಟ್ಟರೆ ಮತ್ತೆ ಚಾಲೂ ಆಗುತ್ತಿದೆಯೇ? ಟ್ಯಾಂಕಿನ ಮುಚ್ಚಳ ತಿರುಗಿಸಿ. ‘ಉಸ್’ ಎಂದು ಗಾಳಿ ಒಳಗೆಳೆದುಕೊಂಡರೆ ಅದರ ಸಣ್ಣ ತೂತು ಕೆಸರಿನಿಂದ ಕಟ್ಟಿದೆ. ತೆಳು ತಂತಿಯಿಂದ ಬಿಡಿಸಿ.

• ಬೇಗ ತುಂಬಲೆಂದು ಟ್ಯಾಂಕಿನ ಬಾಯಿಯ ಜಾಲರಿ ಕೀಳಬೇಡಿ. ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆಬದಿಯ ಹೊಲದವರಂತೂ ಕ್ಯಾನಿನ ಬಾಯಿ ಒರೆಸದೆ ಸುರಿಯಲೇಬಾರದು.

• ಫಿಲ್ಟರಿನ ತಳದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ನಿಲ್ಲಿಸಿ. ನೀರು ಭಾರ, ಕೆಳಗೆ ಬೇರೆ ಪದರವಾಗಿ ಕಾಣುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಹನಿ ಕಟ್ಟಿಯೂ ಈ ನೀರು ಸೇರುತ್ತದೆ. ಸಂಜೆ ಕೆಲಸ ಬಿಡುವಾಗಲೇ ತುಂಬಿಸಿಡಿ.

• ಕಾಗದದ ಫಿಲ್ಟರ್ ತೊಳೆದು ಹಾಕಬೇಡಿ, ಹೊಸದನ್ನೇ ಹಾಕಿ. ಇಲ್ಲಿ ಉಳಿಸಿದ ದುಡ್ಡನ್ನು ಪಂಪು ವಸೂಲಿ ಮಾಡುತ್ತದೆ.

• ಏರ್ ತೆಗೆಯುವುದನ್ನು ಕಲಿಸದೆ ಯಾರ ಕೈಗೂ ಟಿಲ್ಲರ್ ಕೊಡಬಾರದು ಎನ್ನುವವನು ನಾನು. ಟ್ಯಾಂಕ್ ಒಮ್ಮೆ ಪೂರ್ತಿ ಬರಿದಾದರೆ, ಫಿಲ್ಟರ್ ಬದಲಿಸಿದರೆ, ತಾಮ್ರದ ವಾಷರ್ ಸವೆದರೆ ಪೈಪಿಗೆ ಗಾಳಿ ಸೇರುತ್ತದೆ. ಪಂಪು ಒತ್ತಿದಾಗ ಗಾಳಿ ಕುಗ್ಗುತ್ತದೆ, ಡೀಸೆಲ್ ಮುಂದೆ ಹೋಗುವುದಿಲ್ಲ. ಕಾಕ್ ತೆರೆದು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ತಿಳಿ ಡೀಸೆಲ್ ಬರುತ್ತದೆ. ತಿಳಿಯಾದ ಮೇಲಷ್ಟೇ, ಹರಿಯುತ್ತಿರುವಾಗಲೇ ಬಿಗಿಯಿರಿ. ಪಂಪಿನ ಬಳಿ ಹಾಗೆಯೇ ಮಾಡಿ. ಕೊನೆಗೆ ನಾಜಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಬಿಟ್ಟು, ಆಕ್ಸಿಲೇಟರ್ ತೆರೆದು, ಡೀಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ಹೊಡೆಯಿರಿ. ಡೀಸೆಲ್ ಚಿಮ್ಮಿದರೆ ನಟ್ ಬಿಗಿದು ಮತ್ತೆ ತಿರುಗಿಸಿ. ನಾಜಲ್ ‘ಕ್ರಿಕ್, ಕ್ರಿಕ್’ ಎಂದಿತೋ, ಇಂಜಿನ್ ಹತ್ತುತ್ತದೆ. ಆ ಸದ್ದಿಗೆ ಕಿವಿ ಪಳಗಲಿ.

• ಸೋರುವ ಡೀಸೆಲ್ಲಿಗೆ ಡಬ್ಬಿ ಹಿಡಿಯಿರಿ. ಗದ್ದೆಯ ನೀರು ಮುಂದಿನವರ ಮಡಿಗೂ ಹೋಗುತ್ತದೆ.

• ಇಂಜಿನ್ ತಿರುಗುತ್ತಿರುವಾಗ ನಾಜಲಿನ ತುದಿಗೆ ಬೆರಳು ಒಡ್ಡಬೇಡಿ. ಅಲ್ಲಿಯ ಒತ್ತಡ ವಾತಾವರಣದ ನೂರು ಪಟ್ಟಿಗೂ ಹೆಚ್ಚು, ಸಿಡಿದ ಡೀಸೆಲ್ ಚರ್ಮ ಸೀಳಿ ಒಳಗೇ ಇಳಿಯುತ್ತದೆ. ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ. ಅದನ್ನು ನಂಬಿ ಮನೆಯಲ್ಲಿ ಕೂರದೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ.

• ಕಪ್ಪು ಹೊಗೆ ಬಂದರೆ ಡೀಸೆಲ್ ದಾರಿ ಬಿಟ್ಟು ಮೊದಲು ಏರ್ ಕ್ಲೀನರ್ ನೋಡಿ.

• ಇಷ್ಟೆಲ್ಲ ಆದಮೇಲೂ ನಾಜಲಿಗೆ ಡೀಸೆಲ್ ಬರದಿದ್ದರೆ ಮಾತ್ರ ಪಂಪಿನ ಮೇಲೆ ಅನುಮಾನ ಪಡಿ. ಅದನ್ನು ಬದುವಿನ ಮೇಲೆ ಬಿಚ್ಚಬೇಡಿ. ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ಆಡುವ ಭಾಗಗಳವು, ಒಂದು ಮರಳಿನ ಕಣ ಸಾಕು ಕೆಡಿಸಲು. ಟೆಸ್ಟಿಂಗ್ ಮೆಷಿನ್ ಇರುವ ಅಂಗಡಿಗೇ ಒಯ್ಯಿರಿ, ಬಿಚ್ಚಿದ ಪೈಪಿನ ಬಾಯಿಗಳಿಗೆ ಒಗೆದ ಬಟ್ಟೆ ಕಟ್ಟಿ.