ಶಿರಾ ಸುಬಾ

ಮೊಗಲರು ಅಂದ ಕೂಡಲೇ ನಮಗೆ ದೆಹಲಿ, ಆಗ್ರಾ ನೆನಪಾಗುತ್ತವೆ. ಆದರೆ ಅವರ ಒಂದು ಪ್ರಾಂತ್ಯದ ರಾಜಧಾನಿ ನಮ್ಮ ನಾಡಿನಲ್ಲೇ ಇತ್ತು. ಅದೇ ತುಮಕೂರು ಜಿಲ್ಲೆಯ ಶಿರಾ. ಪ್ರಾಂತ್ಯಕ್ಕೆ ಅವರು 'ಸುಬಾ' ಎನ್ನುತ್ತಿದ್ದರು. ಅದನ್ನು ಆಳುವವನೇ ಸುಬೇದಾರ.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದನು. ಮರುವರ್ಷ ಅವನ ಸರದಾರ ಖಾಸಿಂ ಖಾನನು ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟುಬಿಟ್ಟನು! ಊರನ್ನೇ ಮಾರುವುದಾ ಅಂತ ನಗು ಬರುತ್ತೆ. ತನಗೆ ಶಿರಾವನ್ನು ಕೇಂದ್ರ ಮಾಡಿಕೊಂಡನು.

ಈ ಸುಬಾಕ್ಕೆ ಏಳು ಪರಗಣಗಳು: ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಗೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಇದಲ್ಲದೆ ಚಿತ್ರದುರ್ಗ, ಬಿದನೂರು, ಮೈಸೂರಿನವರೂ ಕಪ್ಪ ಕೊಡಬೇಕಿತ್ತು. ಹಾಗಂತ ಸುಬೇದಾರನಿಗೆ ನೆಮ್ಮದಿ ಇರಲಿಲ್ಲ. 1695ರಲ್ಲಿ ಚಿತ್ರದುರ್ಗ ಸೀಮೆಯ ದೊಡ್ಡೇರಿಯಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮುತ್ತಿಗೆ ಹಾಕಿದಾಗ ಖಾಸಿಂ ಖಾನನು ಅಲ್ಲೇ ಸತ್ತನು.

ಮುಂದೆ ದಿಲಾವರ್ ಖಾನನ ಕಾಲದಲ್ಲಿ ಊರು ಚೆನ್ನಾಗಿ ಬೆಳೆಯಿತು. ಅವನ ಅರಮನೆ ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಅರಮನೆ ಕಟ್ಟಿಸಿದರಂತೆ. 1757ರಲ್ಲಿ ಮರಾಠರು ಬಂದರು, 1761ರಲ್ಲಿ ಹೈದರಾಲಿ ಬಂದನು. ಸುಬಾ ಮುಗಿಯಿತು.

ಊರಿಗೆ ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಶ್ರೀರಂಗಪಟ್ಟಣದ ಪಕ್ಕ ಹೊಸ ಊರು ತುಂಬಿಸಲು ಟಿಪ್ಪು ಸುಲ್ತಾನನು ಶಿರಾದಿಂದ 12,000 ಮನೆಯವರನ್ನು ಬಲವಂತವಾಗಿ ಸಾಗಿಸಿದನೆಂದು ಗೆಜೆಟಿಯರ್‌ನಲ್ಲಿದೆ. ರಾಜರು ಬಂದು ಹೋದರೂ ಊರು ಉಳಿದಿತ್ತು, ಜನ ಹೋದ ಮೇಲೆ ಏನು ಉಳಿಯುತ್ತೆ? 1696ರ ಕಲ್ಲಿನ ಜಾಮಿಯಾ ಮಸೀದಿ ಮಾತ್ರ ಈಗಲೂ ಗಟ್ಟಿಯಾಗಿದೆ.

ಆ ಹೊಸ ಊರು ಗಂಜಾಂ. ಪ್ರವಾಸದಲ್ಲಿ ಗುಂಬಜ್ ನೋಡಿದ್ದೀವಲ್ಲ, ಅಲ್ಲೇ.