ಬಾಯಾರುವ ಮೊದಲೇ ನೀರು

ದೊಡ್ಡವರ ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ನಮ್ಮ ಮನೆಯ ಬಿಂದಿಗೆ ಲೆಕ್ಕದಲ್ಲಿ ಹತ್ತಕ್ಕೂ ಹೆಚ್ಚು ಬಿಂದಿಗೆ ಆಯಿತು! ಇಷ್ಟನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ರಕ್ತಕ್ಕೇ ವಾಪಸು ಕೊಡುತ್ತವೆ. ಇದಲ್ಲದೆ ಬೆವರಿನಲ್ಲಿ, ಉಸಿರಿನಲ್ಲಿ ಕೂಡ ನೀರು ಹೋಗುತ್ತಲೇ ಇರುತ್ತದೆ. ಉಸಿರಿನಲ್ಲಿ ನೀರು ಎಲ್ಲಿದೆ ಅಂತ ಕೇಳುವವರು ಕನ್ನಡಿಯ ಮೇಲೆ ಒಂದು ಸಲ ಊದಿ ನೋಡಿ.

ಹೋದ ನೀರನ್ನು ನಾವು ತುಂಬಿಸದಿದ್ದರೆ ರಕ್ತ ಗಟ್ಟಿಯಾಗುತ್ತಾ ಬರುತ್ತದೆ. ಆಗ ಮಿದುಳು ಬಾಯಾರಿಕೆ ಎಂಬ ಸೂಚನೆ ಕೊಡುತ್ತದೆ. ಅಂದರೆ ಬಾಯಾರಿಕೆ ಆಗುವ ಹೊತ್ತಿಗೆ ಮೈಯಲ್ಲಿ ಸ್ವಲ್ಪ ನೀರು ಆಗಲೇ ಕಡಿಮೆಯಾಗಿದೆ ಎಂದರ್ಥ. ಇನ್ನೂ ಕುಡಿಯದಿದ್ದರೆ ತುಟಿ ಒಣಗುವುದು, ತಲೆನೋವು, ಸುಸ್ತು, ಪಾಠದ ಮೇಲೆ ಗಮನ ಇಲ್ಲದಿರುವುದು. ಮಧ್ಯಾಹ್ನದ ಮೇಲೆ ತೂಕಡಿಸುವವರೆಲ್ಲ ಸೋಮಾರಿಗಳಲ್ಲ ಎಂದು ನಮ್ಮ ಮೇಷ್ಟ್ರುಗಳು ದಯವಿಟ್ಟು ಗಮನಿಸಬೇಕು!

ಎಷ್ಟು ಕುಡಿಯಬೇಕು? 9ರಿಂದ 13 ವರ್ಷದವರಿಗೆ ಊಟದಲ್ಲಿರುವ ನೀರೂ ಸೇರಿ ದಿನಕ್ಕೆ 2 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. ಬಿಸಿಲಲ್ಲಿ ಕಬಡ್ಡಿ ಆಡಿದ ದಿನ, ಹೊಲದಲ್ಲಿ ಕೆಲಸ ಮಾಡಿದ ದಿನ ಇನ್ನೂ ಜಾಸ್ತಿ. ಲೋಟ ಎಣಿಸುತ್ತಾ ಕೂರಲು ಆಗದವರಿಗೆ ಸುಲಭದ ಪರೀಕ್ಷೆ ಇದೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಕಡು ಹಳದಿಯಾಗಿ, ಉರಿಯೂ ಇದ್ದರೆ ನೀರು ಸಾಲದು. ಉರಿ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಇದನ್ನು ಓದಿ ನಗುವವರು ನಗಲಿ.

ಮೈಸೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರ ಯಾದವಗಿರಿ ಎಂಬ ಬಡಾವಣೆ ಇದೆ. ಆಕಾಶವಾಣಿ ಇರುವುದು ಅಲ್ಲೇ. ನಗರಕ್ಕೆ ನೀರು ಕೊಡುವ ವಾಣಿವಿಲಾಸ ನೀರು ಸರಬರಾಜು ಕಚೇರಿಯೂ ಅಲ್ಲೇ ಇದೆ. 1890ರ ದಶಕದಲ್ಲಿ, ವಾಣಿವಿಲಾಸ ಸನ್ನಿಧಾನದವರು ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅವರ ಹೆಸರಿನಲ್ಲೇ ಈ ಯೋಜನೆ ಬಂತು. ಕಾವೇರಿ ತಗ್ಗಿನಲ್ಲಿ ಹರಿಯುತ್ತಾಳೆ, ಊರು ಎತ್ತರದಲ್ಲಿದೆ. ಆದ್ದರಿಂದ ಹೊಂಗಳ್ಳಿಯಿಂದ ನೀರನ್ನು ಪಂಪ್ ಮಾಡಿ ಮೇಲಕ್ಕೆ ತರಬೇಕು. ಯಾದವಗಿರಿ ಎತ್ತರದ ಜಾಗ. ಅಲ್ಲಿನ ಟ್ಯಾಂಕಿಗೆ ಒಮ್ಮೆ ಏರಿದ ನೀರು ತಗ್ಗಿನ ಬೀದಿಗಳಿಗೆ ತಾನಾಗಿಯೇ ಇಳಿಯುತ್ತದೆ. ನೀರು ತನ್ನ ಮಟ್ಟ ತಾನೇ ಹುಡುಕುತ್ತದೆ ಅಂತ ವಿಜ್ಞಾನದಲ್ಲಿ ಓದಿದ್ದು ಇದೇ. ಇಷ್ಟು ದೂರದಿಂದ, ಇಷ್ಟು ಕಷ್ಟಪಟ್ಟು ನಲ್ಲಿವರೆಗೆ ಬಂದ ನೀರನ್ನು ಬಾಟಲಿಯಲ್ಲಿ ಬೆಳಿಗ್ಗೆ ತಂದು ಸಂಜೆ ಹಾಗೇ ವಾಪಸು ಹೊತ್ತುಕೊಂಡು ಹೋಗುವವರು ನಮ್ಮಲ್ಲೇ ಎಷ್ಟು ಜನ ಇಲ್ಲ?

ಹಾಗೆ ಯಾಕೆ ಮಾಡುತ್ತಾರೆ ಎಂಬುದು ಹುಡುಗರಿಗೆ ಗೊತ್ತಿಲ್ಲದಿರಬಹುದು, ಹುಡುಗಿಯರಿಗೆ ಗೊತ್ತು. ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತೆ. ಹೋದರೆ ಶೌಚಾಲಯಕ್ಕೆ ಚಿಲಕ ಇರಲ್ಲ, ಇಲ್ಲವೇ ಬಕೆಟ್ಟಿನಲ್ಲಿ ನೀರಿರಲ್ಲ. ಅದಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೂ ಕುಡಿಯದೆ ತಡೆದುಕೊಂಡಿರುತ್ತಾರೆ. ಇದರಿಂದ ಮೂತ್ರನಾಳದ ಸೋಂಕು ಬರುತ್ತದೆ. ಜ್ವರ, ಹೊಟ್ಟೆನೋವು ಎಂದು ರಜೆ ಹಾಕುವುದರಲ್ಲಿ ಇದೂ ಒಂದು ಕಾರಣ. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮ ರಾಜ್ಯದಲ್ಲೂ ನೀರಿನ ಗಂಟೆ ಬಾರಿಸಬೇಕೆಂದು ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಗಂಟೆಯ ಜೊತೆಗೆ ಒಂದು ಚಿಲಕವೂ ಬೇಕು. ಚಿಲಕಕ್ಕೆ ದೊಡ್ಡ ದುಡ್ಡೇನೂ ಆಗುವುದಿಲ್ಲ.

ನಮ್ಮ ಹಿರಿಯರು ಇದನ್ನೆಲ್ಲ ಓದದೆಯೇ ತಿಳಿದಿದ್ದರು. ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಸೌತೆಕಾಯಿ ಹಾಕಿದ ಕೋಸಂಬರಿ. ಬೇಸಿಗೆಯಲ್ಲಿ ದಾರಿಯ ಪಕ್ಕ ಅರವಟ್ಟಿಗೆ. ಮಜ್ಜಿಗೆಗೆ ಹಾಕುವ ಚಿಟಿಕೆ ಉಪ್ಪು ಬೆವರಿನಲ್ಲಿ ಹೋದ ಉಪ್ಪನ್ನು ತುಂಬುತ್ತದೆ. ಬಣ್ಣದ ಬಾಟಲಿ ಪಾನೀಯಗಳಲ್ಲಿ ಬರೀ ಸಕ್ಕರೆ ಜಾಸ್ತಿ.

ವಾಂತಿ ಭೇದಿ ಆದಾಗ ನೀರಿನ ವಿಷಯ ಪ್ರಾಣದ ವಿಷಯವಾಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲದಲ್ಲಿ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಬಂತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕಡಿಮೆ ಆಯಿತು. ಗ್ಲೂಕೋಸ್ ಇದ್ದರೆ ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಗುಟ್ಟು ಇಷ್ಟೇ. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು.

ಆ ನೀರೇ ಈಗಿನ ಓ.ಆರ್.ಎಸ್. ಪ್ಯಾಕೆಟ್. ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ. ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಿದರೆ ಅಪಾಯ, ಕೈಯಂದಾಜು ಬೇಡ. ಮಗುವಿಗಾದರೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಮಗು ಮಂಕಾಗಿ ಕಣ್ಣು ಗುಳಿಬಿದ್ದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕಲಸಿದ ನೀರು ಒಂದು ದಿನ ದಾಟಿದರೆ ಚೆಲ್ಲಿ ಬೇರೆ ಕಲಸಿಕೊಳ್ಳಿ.