ಅಪಘಾತದ ನಂತರ "ತಪ್ಪು ಯಾರದು?" ಎಂದು ಕೇಳುವ ಮುನ್ನ



ಊರು ಬಿಟ್ಟು ಬಂದ ನಮಗೆ ಇಲ್ಲಿ ಸಂಘವೇ ಊರು, ಪಕ್ಕದ ಮನೆಯವರೇ ನೆಂಟರು. ಇಂಥ ಚಿಕ್ಕ ಬಳಗದಲ್ಲಿ ಅಪಘಾತವಾಗಿ ಒಂದು ಜೀವ ಹೋದರೆ ಎಲ್ಲರ ಮನೆಯಲ್ಲೂ ಸೂತಕ. ಅದರ ಹಿಂದೆಯೇ ಮಾತು ಶುರುವಾಗುತ್ತದೆ: "ಟ್ರಿಪ್‌ಗೆ ಹೊರಡಿಸಿದ್ದು ಯಾರು?" "ತಾಯಿ ಯಾಕೆ ಕಳಿಸಿದಳು?" "ಡ್ರೈವರ್ ನಿದ್ದೆ ಮಾಡಿರಲಿಲ್ಲವಂತೆ." ಈ ಮಾತುಗಳೂ ಆರೋಗ್ಯದ ವಿಷಯವೇ.

*ಮನಸ್ಸು ದೂರುವುದೇಕೆ?*

ಕಾರಣವಿಲ್ಲದ ಸಾವನ್ನು ಮನಸ್ಸು ಒಪ್ಪುವುದಿಲ್ಲ. ಯಾರದೋ ತಪ್ಪು ಎಂದರೆ "ನಾವು ಎಚ್ಚರವಾಗಿದ್ದರೆ ನಮಗೆ ಹೀಗಾಗದು" ಎಂಬ ಧೈರ್ಯ ಬರುತ್ತದೆ. ಅಳಲಾಗದವರ ದುಃಖ ಸಿಟ್ಟಾಗಿ ಹೊರಬರುತ್ತದೆ. ಆ ಸಿಟ್ಟು ಹೆಚ್ಚಾಗಿ ಬೀಳುವುದು ಕೈಗೆ ಸಿಗುವವರ ಮೇಲೆ: ಡ್ರೈವರ್, ವಾಚ್‌ಮನ್, ಹೆತ್ತ ತಾಯಿ, ಬದುಕಿ ಬಂದ ಮಗು.

*ಅಬರ್‌ಫಾನ್ ಹಳ್ಳಿಯ ಪಾಠ*

1966ರ ಅಕ್ಟೋಬರ್ 21. ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಈ ಗಣಿ ಹಳ್ಳಿಯ ಮೇಲೆ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡೆ ಜಾರಿಬಿತ್ತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ಬದುಕುಳಿದ ಮಕ್ಕಳು ಎಷ್ಟೋ ಕಾಲ ಬೀದಿಯಲ್ಲಿ ಆಡಲಿಲ್ಲ. ಮಕ್ಕಳನ್ನು ಕಳೆದುಕೊಂಡವರ ಕಣ್ಣಿಗೆ ಬೀಳುವುದೇ ತಪ್ಪು ಎಂಬ ಭಾವ ಅವರಲ್ಲಿತ್ತು. ವಿಚಾರಣೆ ನಡೆದು 1967ರಲ್ಲಿ ವರದಿ ಬಂತು: ಹೊಣೆ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದು. ಗುಡ್ಡೆಯನ್ನು ನೀರಿನ ಒರತೆಯ ಮೇಲೆ ಹಾಕಲಾಗಿತ್ತು. ಮೊದಲೇ ಬಂದಿದ್ದ ಎಚ್ಚರಿಕೆಗೆ ಬೆಲೆ ಸಿಕ್ಕಿರಲಿಲ್ಲ. ಆದರೂ ಯಾರಿಗೂ ಶಿಕ್ಷೆಯಾಗಲಿಲ್ಲ.

33 ವರ್ಷಗಳ ನಂತರ ಬದುಕುಳಿದ ಕೆಲವರನ್ನು ವೈದ್ಯರು ಪರೀಕ್ಷಿಸಿದಾಗ, ಅವರಲ್ಲಿ ಶೇ. 46 ಜನ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಒಂದಲ್ಲ ಒಂದು ಕಾಲದಲ್ಲಿ ಅನುಭವಿಸಿದ್ದು ತಿಳಿಯಿತು.

ಹೊಣೆ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಪೊಲೀಸ್ ದೂರು, ತನಿಖೆ, ಪರಿಹಾರ ಎಲ್ಲವೂ ನ್ಯಾಯದ ದಾರಿ. ಆದರೆ ಆ ಪ್ರಶ್ನೆ ತನಿಖೆಯ ಮುಂದೆ ಇರಲಿ, ಸಾವಿನ ಮನೆಯ ಹೊಸ್ತಿಲಲ್ಲಿ ಬೇಡ.

*ನಾವು ಮಾಡಬೇಕಾದ್ದು*

1. ಮಾತಿಗಿಂತ ಮೊದಲು ಊಟ, ನೀರು, ನಿದ್ದೆ ನೋಡಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ತಪ್ಪದಿರಲಿ.
2. "ಏನಾಯ್ತು ಹೇಳಿ" ಎಂದು ಒತ್ತಾಯಿಸಬೇಡಿ. ಅವರಾಗಿ ಹೇಳಿದರೆ ತಾಳ್ಮೆಯಿಂದ ಕೇಳಿ.
3. "ಕಳಿಸಬಾರದಿತ್ತು", "ವಿಧಿ ಬರಹ" ಎರಡೂ ಬೇಡ. "ನಾವಿದ್ದೇವೆ" ಸಾಕು.
4. ಅಪಘಾತದ ಫೋಟೊ, ವಿಡಿಯೊ, "ಅಂತೆ"ಗಳನ್ನು ಗ್ರೂಪಿಗೆ ಹಾಕಬೇಡಿ.
5. ಮಕ್ಕಳಿಗೆ ಸತ್ಯವನ್ನು ಸರಳವಾಗಿ ಹೇಳಿ. "ಇದು ನಿನ್ನಿಂದ ಆದದ್ದಲ್ಲ" ಎಂದು ಮತ್ತೆ ಮತ್ತೆ ಹೇಳಿ.
6. ನಿದ್ದೆಗಾಗಿ ಮದ್ಯವಾಗಲಿ, ಯಾರೋ ಕೊಟ್ಟ ನಿದ್ದೆ ಮಾತ್ರೆಯಾಗಲಿ ಬೇಡ.
7. ಬಳಗವೆಲ್ಲ ದೂರುತ್ತಿರುವ ವ್ಯಕ್ತಿಯನ್ನೂ ಒಬ್ಬರು ಹೋಗಿ ಮಾತಾಡಿಸಿ. ಎಲ್ಲರೂ ಮರೆಯುವುದು ಅವರನ್ನೇ.

*ವೈದ್ಯರ ಬಳಿ ಯಾವಾಗ?*

ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಹಸಿವಿಲ್ಲದಿರುವುದು ಸಹಜ. ಒಂದು ತಿಂಗಳು ದಾಟಿಯೂ ಕೆಟ್ಟ ಕನಸು, ಆ ದೃಶ್ಯ ಕಣ್ಣೆದುರು ಬರುವುದು, ಆ ದಾರಿಯತ್ತ ಹೋಗಲೂ ಭಯ ಇದ್ದರೆ ಮನೋವೈದ್ಯರನ್ನು ಕಾಣಿ. ಆರು ತಿಂಗಳಾದರೂ ದುಃಖ ದಿನದ ಕೆಲಸವನ್ನೇ ನಿಲ್ಲಿಸಿದ್ದರೆ ಅದಕ್ಕೂ ಚಿಕಿತ್ಸೆಯಿದೆ. "ನಾನೂ ಹೋಗಬೇಕಿತ್ತು" ಎಂಬ ಮಾತು ಕೇಳಿದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ *14416*. ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸೇವೆಯಿದೆ. ಹೊರಗೆ ಹಿಂದಿ, ಮರಾಠಿ, ತಮಿಳು ಎಷ್ಟೇ ಚೆನ್ನಾಗಿ ಬಂದರೂ ಅಳು ಬರುವುದು ತಾಯಿನುಡಿಯಲ್ಲೇ.

ಈ ನಂಬರನ್ನು ಇಂದೇ ಫೋನಿನಲ್ಲಿ ಉಳಿಸಿಕೊಳ್ಳಿ. ನಿಮ್ಮ ಸಂಘದ ಗ್ರೂಪಿಗೂ ಕಳಿಸಿ.